ಸೂರ್ಯನ ಕಡೆಗೇ ಬಿದ್ದ ನೆರಳು

ತೇಪೆ ಮಾಮ ಕಳ್ಳನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಅವನ ಪರ ವಹಿಸುವವರೆಲ್ಲ ಈ ಮಾತಿನಿಂದಲೇ ಶುರುಮಾಡುತ್ತಾರೆ. ಕೆಲಸಕ್ಕೆ ಎಂದೂ ತಡವಾಗಿ ಹೋದವನಲ್ಲ, ಯಾರ ಮೇಲೂ ಕೂಗಾಡಿದವನಲ್ಲ, ಬಸ್ಸಿನಲ್ಲಿ ವಯಸ್ಸಾದವರು ಹತ್ತಿದರೆ ಎದ್ದು ಸೀಟು ಬಿಡುವವನು. ನಮ್ಮ ಕಾಲದ ದೊಡ್ಡ ಸುಳ್ಳುಗಳನ್ನು ಕೂತು ಹೊಲಿದವರೆಲ್ಲ ಇಂಥ ಒಳ್ಳೆಯವರೇ. ಕೆಟ್ಟವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಅವನ ಮೂಲ ಕಸುಬು ಫೋಟೋ ತಿದ್ದುವುದು. ಬಸ್ ನಿಲ್ದಾಣದ ಎದುರಿಗಿದ್ದ ಸ್ಟುಡಿಯೋದ ಹಿಂಬದಿಯಲ್ಲಿ, ಕಿಟಕಿಯಿಲ್ಲದ ಒಂದು ಕೋಣೆ. ಮೊದಮೊದಲು ಕೂದಲೆಳೆಯಂಥ ಕುಂಚ, ಆಮೇಲೆ ಕಂಪ್ಯೂಟರು. ಗುಂಪು ಫೋಟೋದಲ್ಲಿ ಕಣ್ಣು ಮುಚ್ಚಿದವರ ಕಣ್ಣು ತೆರೆಸುವುದು, ಮದುಮಗನ ಬೋಳು ತಲೆಗೆ ಕೂದಲು ಕೊಡುವುದು, ಮುನಿಸಿಕೊಂಡು ಬಾರದೆ ಉಳಿದ ಭಾವನನ್ನು ಎರಡನೇ ಸಾಲಿನಲ್ಲಿ ನಗುನಗುತ್ತ ನಿಲ್ಲಿಸುವುದು ಅವನ ಕೆಲಸ. ಗಿರಾಕಿಗಳು ಗೋಳಾಡಿದರೆ ಅವನದೊಂದು ಮಾತು ಸಿದ್ಧವಾಗಿರುತ್ತಿತ್ತು: "ಅವರು ಬರಲ್ಲ ಅಂದ್ರೆ ಬಿಡ್ರಿ, ನಾನ್ ಕರ್ಕೊಂಡ್ ಬರ್ತೀನಿ." ಊರವರು ನಕ್ಕು ನಕ್ಕು ತೇಪೆ ಮಾಮ ಎಂದು ಹೆಸರಿಟ್ಟರು. ಅದನ್ನು ಅವನು ಬಿರುದು ಎಂದುಕೊಂಡ.

ಚಿತ್ರದಲ್ಲಿ ಖಾಲಿ ಜಾಗ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಹಲ್ಲು ಬಿದ್ದ ಬಾಯಿಗೆ ನಾಲಿಗೆ ಮತ್ತೆ ಮತ್ತೆ ಹೋಗುತ್ತದಲ್ಲ, ಹಾಗೆ ಅವನ ಕೈ ತೂತಿಗೇ ಹೋಗುತ್ತಿತ್ತು. ಎಲ್ಲಿಂದಲೋ ಒಂದು ತುಂಡು ಕತ್ತರಿಸಿ ತಂದು, ಗುರುತು ಸಿಗದಂತೆ ಎಡ ಬಲ ಮಾಡಿ ಮಗುಚಿ, ಅಂಚು ನಯಮಾಡಿ ಕೂರಿಸಿದರೆ ಕೆಲಸ ಮುಗಿಯಿತು. ಈ ಮಗುಚುವುದು ಅವನ ಗುಟ್ಟಿನ ಕೈಚಳಕ. ಅದೇ ಮುಖ, ಅದೇ ಮರ, ಕನ್ನಡಿಯಲ್ಲಿ ಕಂಡಂತೆ ತಿರುಗಿ ಕೂತರೆ ಯಾರಿಗೂ ನೆನಪು ಹತ್ತುವುದಿಲ್ಲ. "ಜನ ಮುಖ ನೋಡ್ತಾರೆ, ಬೆಳಕು ಯಾರ್ ನೋಡ್ತಾರೆ?" ಎನ್ನುತ್ತಿದ್ದ.

ಎಲ್ಲರ ಜೇಬಿಗೂ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋ ಬಾಗಿಲು ಹಾಕಿತು. ಅದೇ ಹೊತ್ತಿಗೆ ಊರಾಚೆಯ ಬಾಹ್ಯಾಕಾಶ ಕೇಂದ್ರಕ್ಕೆ "ಚಿತ್ರಗಳನ್ನು ಅಂದಗೊಳಿಸಲು" ಒಬ್ಬ ಬೇಕಾಗಿದ್ದ. ವಿಜ್ಞಾನ ಕೇಂದ್ರವೊಂದಕ್ಕೆ ಸತ್ಯವನ್ನು ಅಂದಗೊಳಿಸುವವನು ಏಕೆ ಬೇಕು ಎಂದು ಯಾರೂ ಕೇಳಲಿಲ್ಲ. ತೇಪೆ ಮಾಮನೂ ಕೇಳಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ.

ಅಲ್ಲಿನ ಕೆಲಸ ಹೀಗೆ. ನೌಕೆಯೊಂದು ಮಂಗಳ ಗ್ರಹವನ್ನು ಧ್ರುವದಿಂದ ಧ್ರುವಕ್ಕೆ ಸುತ್ತುತ್ತಿರುತ್ತದೆ. ಒಂದೊಂದು ಸುತ್ತಿಗೂ ಒಂದೊಂದು ಉದ್ದನೆಯ ಪಟ್ಟಿಯಷ್ಟು ನೆಲವನ್ನು ಚಿತ್ರ ತೆಗೆದು ಕಳಿಸುತ್ತದೆ. ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸಿದರೆ ಆ ದಿನದ ಮಂಗಳ ಸಿಗುತ್ತದೆ: ಎಲ್ಲಿ ಧೂಳೆದ್ದಿದೆ, ಯಾವ ಬೆಟ್ಟದ ನೆತ್ತಿಗೆ ಹಿಮದ ಮೋಡ ಕೂತಿದೆ, ಎಲ್ಲ. ಆದರೆ ಒಂದು ಜಾಗದ ಮೇಲೆ ಹಾಯುವಾಗ ಮಾತ್ರ ನೌಕೆ ಮುಖ ತಿರುಗಿಸಿಕೊಳ್ಳುತ್ತದೆ. ಕೆಳಗೆ ನೆಲಕ್ಕಿಳಿದು ನಿಂತ ಪುಟ್ಟ ಯಂತ್ರವೊಂದಿದೆ. ಅದು ಹೇಳುವುದನ್ನು ಕೇಳಿಸಿಕೊಳ್ಳಲು ಹೊರಳಬೇಕು. ಹೊರಳಿದಾಗ ಕ್ಯಾಮೆರಾಕ್ಕೆ ನೆಲ ಕಾಣುವುದಿಲ್ಲ. ನಕ್ಷೆಯಲ್ಲಿ ಅಷ್ಟು ಭಾಗ ಕಪ್ಪಾದ ಸೀಳು. ಆ ನಕ್ಷೆಯಲ್ಲಿ ಪೂರ್ತಿ ನಂಬಬಹುದಾದ ಜಾಗ ಅದೊಂದೇ. "ಇಲ್ಲಿ ನಾವು ನೋಡಲಿಲ್ಲ" ಎಂದು ಅದು ಬಾಯಿಬಿಟ್ಟು ಹೇಳುತ್ತದೆ.

ನಿರ್ದೇಶಕರಿಗೆ ಅದು ಹಿಡಿಸಲಿಲ್ಲ. ಅವರು ಸೂಟಿನ ಮೇಲೆ ಒಂದು ದಾರದ ಎಳೆ ಕಂಡರೂ ಸಭೆ ನಿಲ್ಲಿಸುವ ಜಾತಿಯವರು.

"ಏನ್ರೀ ಇದು, ಇಲಿ ಕಡಿದ ಹಾಗಿದೆ? ಜನ ನೋಡಿದ್ರೆ ಏನಂತಾರೆ?"

"ಅಲ್ಲಿ ಚಿತ್ರ ಬಂದಿಲ್ಲ ಸಾರ್."

"ಬಂದಿಲ್ಲ ಅಂತ ನಂಗೂ ಗೊತ್ತು. ತುಂಬ್ಸಿ. ನಿಮ್ಮನ್ನ ಇಟ್ಕೊಂಡಿರೋದು ಯಾಕೆ?"

ಮೂಲೆಯಲ್ಲಿ "ಇಷ್ಟು ಭಾಗ ತುಂಬಿಸಿದ್ದು" ಎಂದು ಸಣ್ಣಕ್ಷರದಲ್ಲಿ ಬರೆಯಲೇ ಎಂದು ಮಾಮ ಕೇಳಿದ. "ತೇಪೆ ಹಾಕಿದೀನಿ ಅಂತ ಬೋರ್ಡ್ ಹಾಕ್ಕೊಂಡು ಯಾರಾದ್ರೂ ಬಟ್ಟೆ ಮಾರ್ತಾರಾ?" ಎಂದರು ನಿರ್ದೇಶಕರು. ಪಕ್ಕದಲ್ಲಿದ್ದವರೆಲ್ಲ ನಕ್ಕರು. ಮಾಮನೂ ನಕ್ಕ. ಆ ಪ್ರಶ್ನೆಯನ್ನು ಅವನು ಮತ್ತೆಂದೂ ಕೇಳಲಿಲ್ಲ. ಆದರೆ "ನಾನು ಕೇಳಿದ್ದೆ" ಎಂಬ ಮಾತನ್ನು ಇವತ್ತಿನವರೆಗೂ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾನೆ. ಒಂದು ಸಲ ಕೆಮ್ಮಿದ್ದನ್ನು ಭಾಷಣ ಎಂದುಕೊಳ್ಳುವ ಗಂಡಸರು ನಮ್ಮಲ್ಲಿ ಬಹಳ.

ಸೀಳಿನ ಪಕ್ಕದಲ್ಲೇ ಒಂದು ಸತ್ತ ಜ್ವಾಲಾಮುಖಿ. ಅದರ ಮಗ್ಗುಲಲ್ಲಿ ಋತು ಋತುವಿಗೂ ಒಂದು ಮೋಡ ಏಳುತ್ತದೆ, ಬಿಳಿ ಬಾಲ ಬೀಸಿಕೊಂಡು, ಕೆಂಪು ನೆಲದ ಮೇಲೆ ತನ್ನ ನೆರಳು ಚೆಲ್ಲಿಕೊಂಡು. ತೇಪೆಗೆ ಹೇಳಿ ಮಾಡಿಸಿದ ತುಂಡು! ಮಾಮ ಅದನ್ನೇ ಎತ್ತಿ, ಅಭ್ಯಾಸಬಲದಿಂದ ಮಗುಚಿ, ಸ್ವಲ್ಪ ಹಿಗ್ಗಿಸಿ ಸೀಳಿಗೆ ಕೂರಿಸಿದ. ಮರುದಿನವೂ ಸೀಳು, ಮರುದಿನವೂ ಅದೇ ಮೋಡ. ಕೇಂದ್ರದ ಜಾಲತಾಣಕ್ಕೆ ಹೋಗುತ್ತಿದ್ದದ್ದು ಈ ತುಂಬಿದ ನಕ್ಷೆ ಮಾತ್ರ. ಮೂಲ ಪಟ್ಟಿಗಳು ಉಗ್ರಾಣದ ಕಂಪ್ಯೂಟರಿನಲ್ಲಿದ್ದವು. ಬೇಕಾದವರು ಅರ್ಜಿ ಕೊಟ್ಟು ಪಡೆಯಬಹುದಿತ್ತು. ಯಾರಿಗೂ ಬೇಕಾಗಲಿಲ್ಲ. ಚೆಂದದ್ದು ಕೈಗೆ ಸಿಗುವಾಗ ನಿಜಕ್ಕೆ ಅರ್ಜಿ ಬರೆಯುವವರು ಯಾರು?

ಹೀಗಿರುವಾಗ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ಕಣ್ಣಿಗೆ ಆ ಎರಡನೇ ಮೋಡ ಬಿತ್ತು. ವಿದ್ಯಾರ್ಥಿಗಳು ಬೆನ್ನ ಹಿಂದೆ ಇವರನ್ನು ಸಿದ್ಧಾಂತಿ ಎಂದು ಕರೆಯುತ್ತಾರೆ, ಏಕೆಂದರೆ ಚಮಚ ಕೆಳಗೆ ಬಿದ್ದರೂ ಅವರ ಬಳಿ ಒಂದು ಸಿದ್ಧಾಂತ ಇರುತ್ತದೆ. ಜ್ವಾಲಾಮುಖಿಯ ಮೋಡಕ್ಕೆ ಒಂದು ಅವಳಿ ಇದೆ, ಬೆಟ್ಟವೇ ಇಲ್ಲದ ಬಯಲಿನಲ್ಲಿ ಅದು ಏಳುತ್ತದೆ, ಆಕಾರದಲ್ಲಿ ಥೇಟ್ ಕನ್ನಡಿಯ ಬಿಂಬ! ಪತ್ರಿಕೆಗಳು ಕುಣಿದಾಡಿದವು. ಟಿವಿಯಲ್ಲಿ ನಿರ್ದೇಶಕರು ಎರಡೂ ಕೈ ಅಗಲಿಸಿ ಮೋಡದ ಅಳತೆ ತೋರಿಸಿದರು. ಕೇಂದ್ರದ ಗೋಡೆಗೆ ಆಳೆತ್ತರದ ಚಿತ್ರ ಬಂತು. ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳದ ದೊಡ್ಡ ಮನುಷ್ಯನೇ ಉಳಿಯಲಿಲ್ಲ.

ಅದು ತನ್ನದೇ ತೇಪೆ ಎಂದು ತೇಪೆ ಮಾಮನಿಗೆ ನೋಡಿದೊಡನೆ ತಿಳಿಯಿತು. ತಿಳಿಯಿತು ಅಷ್ಟೇ. ಎರಡು ದಿನ ಊಟ ಸೇರಲಿಲ್ಲ, ಮೂರನೇ ದಿನ ಸೇರಿತು. ಇನ್ನೂ ನಾಚಿಕೆಗೇಡಿನ ಸಂಗತಿಯೆಂದರೆ, ಆ ಆಳೆತ್ತರದ ಚಿತ್ರದ ಮುಂದೆ ಹಾದುಹೋಗುವಾಗ ಅವನು ಅಂಚುಗಳನ್ನು ನೋಡುತ್ತಿದ್ದ. ಎಷ್ಟು ದೊಡ್ಡದು ಮಾಡಿದರೂ ಹೊಲಿಗೆ ಕಾಣುತ್ತಿಲ್ಲವಲ್ಲ ಎಂದು ಒಳಗೊಳಗೇ ಬೀಗುತ್ತಿದ್ದ.

ಆಮೇಲೆ ಒಂದು ಭಾನುವಾರ ಅವನ ತಂಗಿಯ ಮಗಳು ಓಡಿಬಂದಳು. ಚಪ್ಪಲಿ ಬಿಡುವ ಮೊದಲೇ ಕೂಗು: "ಮಾಮಾ, ನಂಗೆ ಪಿಎಚ್‌ಡಿ ಸೀಟು ಸಿಕ್ತು! ಯಾವ್ದರ ಮೇಲೆ ಹೇಳು ನೋಡೋಣ? ನಿಮ್ಮ ಮೋಡದ ಮೇಲೇ! ಅವಳಿ ಮೋಡ! ಸಿದ್ಧಾಂತಿನೇ ಗೈಡು!"

ಈ ಹುಡುಗಿ ಮಾಮನ ಕೋಣೆಯಲ್ಲಿ ಕೂತೇ ದೊಡ್ಡವಳಾದವಳು. ಸ್ಟುಡಿಯೋದ ಬೆಳಕಿನ ಛತ್ರಿಯ ಕೆಳಗೆ ಆಡಿದವಳು. ಅಪ್ಪ ಬೇಗ ಹೋಗಿಬಿಟ್ಟ ಮನೆ. ತಾಯಿ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಕಾಲು ಊದಿಸಿಕೊಂಡು ಓದಿಸಿದ್ದಳು. ಆ ಕುಟುಂಬದ ಎಲ್ಲ ಆಸೆಗಳೂ ಆ ಪಿಎಚ್‌ಡಿಯ ಮೇಲೆ ಕೂತಿದ್ದವು. ಪಿಎಚ್‌ಡಿ ಕೂತಿದ್ದದ್ದು ಮಾಮನ ತೇಪೆಯ ಮೇಲೆ.

ಆ ಕ್ಷಣ ಬಾಯಿ ಬಿಡಬೇಕಿತ್ತು. ಆಗ ಹೇಳಿದ್ದರೆ ಹುಡುಗಿಗೆ ಹೋಗುತ್ತಿದ್ದದ್ದು ಒಂದು ಭಾನುವಾರದ ಖುಷಿ. ಅವನು ಏನು ಹೇಳಿದ ಗೊತ್ತೇ?

"ಭೇಷ್! ನಮ್ಮನೆ ಹುಡ್ಗಿ ಅಂದ್ರೆ ಹಂಗಿರ್ಬೇಕು!"

ವರ್ಷಗಳು ಹೋದವು. ಹುಡುಗಿ ಅವಳಿ ಮೋಡದ ಉದ್ದ ಅಳೆದಳು, ಅಗಲ ಅಳೆದಳು, ಗಾಳಿಯ ಲೆಕ್ಕ ಹಾಕಿದಳು. ಬಯಲಿನಲ್ಲಿ ಮೋಡ ಏಳಲು ಗಾಳಿ ಹೇಗೆ ಬೀಸಬೇಕೋ ಹಾಗೆಲ್ಲ ಕಂಪ್ಯೂಟರಿನಲ್ಲಿ ಬೀಸಿಸಿದಳು. ಅತ್ತ ಮಾಮ ತನ್ನ ಮೇಜಿನಲ್ಲಿ ಅದೇ ಮೋಡವನ್ನು ಇನ್ನಷ್ಟು ಜಾಗ್ರತೆಯಿಂದ ಕೂರಿಸುತ್ತ ಹೋದ. ಒಂದು ದಿನ ಬಿಟ್ಟರೂ ಹುಡುಗಿಯ ಲೆಕ್ಕ ಕೆಡುತ್ತದಲ್ಲ! ಪ್ರೀತಿಯ ಹೆಸರಿನಲ್ಲಿ ಮನುಷ್ಯ ಎಂಥೆಂಥ ಹೇಸಿಗೆಯ ಕೆಲಸಗಳನ್ನು ಶ್ರದ್ಧೆಯಿಂದ ಮಾಡುತ್ತಾನೆ!

ಪ್ರಬಂಧ ಒಪ್ಪಿಸುವ ದಿನ ಹತ್ತಿರವಾದಾಗ ಅವಳಿಗೊಂದು ಮುಳ್ಳು ಚುಚ್ಚಿತು. ದೊಡ್ಡ ಹಾಳೆಯಲ್ಲಿ ಮುದ್ರಿಸಿದ ಚಿತ್ರ ಹಿಡಿದುಕೊಂಡು ಮಾಮನ ಮನೆಗೆ ಬಂದಳು. ಊಟದ ಮೇಜಿನ ಮೇಲೆ ಹರಡಿದಳು.

"ಇಲ್ನೋಡು. ನೌಕೆ ಹಾಯೋದು ಯಾವಾಗ್ಲೂ ಮಧ್ಯಾಹ್ನದ ಮೇಲೆ. ಸೂರ್ಯ ಈ ಎಡಗಡೆ. ಬೆಟ್ಟದ ಮೋಡದ ನೆರಳು ಬಲಗಡೆ ಬಿದ್ದಿದೆ, ಸರೀನಾ? ಅವಳಿದು ನೋಡು. ಎಡಗಡೆ. ಸೂರ್ಯನ ಕಡೆಗೇ ಬಿದ್ದಿದೆ ನೆರಳು!"

"ಸಿದ್ಧಾಂತಿ ಏನಂದ್ರು?"

"ಹಿಮದ ಹರಳು ಬೆಳಕನ್ನ ಹಿಂದಕ್ಕೆ ಮಡಚುತ್ತಂತೆ. ಅದಕ್ಕೊಂದು ಹೆಸರೂ ಇಟ್ಟು ಲೇಖನ ಬರೆದಾಗಿದೆ. ಮಾಮ, ನೀನೇ ಹೇಳು. ಜೀವಮಾನವೆಲ್ಲ ಬೆಳಕು ನೆರಳು ನೋಡ್ಕೊಂಡ್ ಬಂದೋನು ನೀನು. ಎಲ್ಲಾದ್ರೂ ಹಿಂಗಾಗತ್ತಾ?"

ಸೂರ್ಯನ ಕಡೆಗೆ ನೆರಳು ಬೀಳುತ್ತದೆ ಎಂದು ಮಂಡಿಸಿ, ಅದನ್ನು ಪ್ರಕಟಿಸಿ, ಚಪ್ಪಾಳೆ ಗಿಟ್ಟಿಸಿಕೊಂಡ ಪಂಡಿತರೂ ಈ ಭೂಮಿಯ ಮೇಲಿದ್ದಾರೆ. ಅಂಗಳದಲ್ಲಿ ಆಡುವ ಮಗುವನ್ನು ಕರೆದು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿತ್ತು. ಆದರೆ ಚಿತ್ರ ತಪ್ಪಿರಬಹುದು ಎನ್ನುವುದಕ್ಕಿಂತ ಸೂರ್ಯನೇ ತಪ್ಪಿರಬಹುದು ಎನ್ನುವುದು ಅವರಿಗೆ ಸುಲಭವಾಗಿ ಕಂಡಿತು.

ಮಾಮ ಹಾಳೆಯ ಮೇಲೆ ಬಾಗಿದ. ತನ್ನ ಕೈಕೆಲಸ ಅವನ ಮುಖವನ್ನೇ ನೋಡುತ್ತಿತ್ತು.

"ಮಂಗಳದಲ್ಲಿ ಏನೇನ್ ಆಗತ್ತೋ ನಮ್ಗೇನ್ ಗೊತ್ತಮ್ಮ. ಟೀ ಕುಡೀತೀಯಾ?" ಎಂದ.

ಹುಡುಗಿ ಟೀ ಕುಡಿಯದೆ ಮನೆಗೆ ಹೋದಳು. ಅವರ ಮನೆಯ ನಡುಕೋಣೆಯಲ್ಲಿ, ಟಿವಿಯ ಮೇಲ್ಗಡೆ, ಅವಳ ಅಪ್ಪ ಅಮ್ಮನ ಮದುವೆಯ, ಮಾಮನೇ ಸ್ಟುಡಿಯೋದಲ್ಲಿ ತಯಾರಿಸಿಕೊಟ್ಟಿದ್ದ ಗುಂಪು ಫೋಟೋ ತೂಗುತ್ತಿತ್ತು. ಮುಂದಿನ ಸಾಲಿನಲ್ಲಿ, ಮದುಮಗಳ ಪಕ್ಕದ ಕುರ್ಚಿಯಲ್ಲಿ ಅಜ್ಜ, ಮಗಳ ಕಡೆಗೇ ಮುಖ ತಿರುಗಿಸಿ ಕೂತಿದ್ದಾನೆ. ಆ ನೋಟದ ಕತೆ ಕೇಳುತ್ತಲೇ ಅವಳು ಬೆಳೆದದ್ದು. ಈ ಮದುವೆ ಬೇಡವೇ ಬೇಡ ಎಂದು ಹಟ ಹಿಡಿದಿದ್ದ ಅಜ್ಜ ಕೊನೆಗೆ ಮನಸ್ಸು ಕರಗಿ ಬಂದನಂತೆ, ಮಗಳನ್ನು ಹಾಗೆ ನೋಡಿದನಂತೆ. ಆ ಸಂಜೆ ಅವಳು ನೋಟ ಬಿಟ್ಟು ಮೂಗು ನೋಡಿದಳು. ಸಾಲಿನಲ್ಲಿದ್ದ ಎಲ್ಲರ ಮೂಗಿನ ನೆರಳೂ ಬಲಗೆನ್ನೆಯ ಮೇಲೆ. ಅಜ್ಜನದು ಎಡಗೆನ್ನೆಯ ಮೇಲೆ. ಅಂಗಿಯ ಜೇಬು ನೋಡಿದಳು. ಎಲ್ಲರಿಗೂ ಎದೆಯ ಎಡಕ್ಕಿದ್ದರೆ ಅಜ್ಜನಿಗೆ ಬಲಕ್ಕೆ.

ಮರುದಿನ ಬೆಳಿಗ್ಗೆ, ಕೇಂದ್ರದಲ್ಲಿ ಮಾಮ ಬ್ಯಾಗು ಇಳಿಸುವ ಮೊದಲೇ ಅವಳು ಅವನ ಮೇಜಿನ ಮುಂದಿದ್ದಳು. ಒಂದು ಕೈಯಲ್ಲಿ ಮಂಗಳ, ಇನ್ನೊಂದರಲ್ಲಿ ಗೋಡೆಯಿಂದ ಇಳಿಸಿ ತಂದ ಫೋಟೋ, ಚೌಕಟ್ಟಿನ ಸಮೇತ.

"ಎರಡೇ ಪ್ರಶ್ನೆ ಮಾಮ. ಅಜ್ಜ ಮದುವೆಗೆ ಬಂದಿದ್ರಾ?"

ಮಾಮ ಬ್ಯಾಗು ಇಳಿಸಿ ಅವಳಿಗೊಂದು ಕುರ್ಚಿ ಎಳೆದ.

"ಸರಿ ಬಿಡು. ಮೋಡ ಬಂದಿತ್ತಾ?"

"ಕೂತ್ಕೋ ಮೊದ್ಲು."

"ನಾನು ಕೂತ್ರೆ ಆ ಕುರ್ಚೀಲಿ ಇನ್ಯಾರನ್ನಾದ್ರೂ ಅಂಟಿಸ್ತೀಯೇನೋ ಅಂತ ಭಯ. ಹೇಳು."

"ಬಂದಿರ್ಲಿಲ್ಲ," ಎಂದ ಮಾಮ. "ಯಾರೂ ಬಂದಿರ್ಲಿಲ್ಲ. ಅಲ್ಲಿ ಕಪ್ಪಗಿತ್ತು. ನಾನೇ ತುಂಬ್ಸಿದ್ದು." ಆಮೇಲೆ ಜೇಬಿನಿಂದ ಆ ಹಳೆಯ ಮಾತು ಹೊರಬಂತು: "ಬರೀಲಾ ಅಂತ ಕೇಳಿದ್ದೆ ಕಣೇ ನಾನು. ಸಾರ್ ಬೇಡ ಅಂದ್ರು."

"ಸಾರ್ ಬೇಡ ಅಂದ್ರು. ಪಿಎಚ್‌ಡಿ ಸೀಟು ಸಿಕ್ತು ಅಂತ ನಾನು ಓಡ್ಬಂದಾಗ ಯಾವ ಸಾರ್ ಇದ್ರು ನಿಮ್ಮನೇಲಿ?"

ಮಾಮ ಚೌಕಟ್ಟು ತೆಗೆದುಕೊಳ್ಳಲು ಕೈ ಚಾಚಿದ. ಅವಳು ಕೊಡಲಿಲ್ಲ.

ಹುಡುಗಿ ನೇರವಾಗಿ ನಿರ್ದೇಶಕರ ಕೋಣೆಗೆ ನಡೆದಳು. ಹಿಂದೆಯೇ ಮಾಮ, ನೆರಳಿನಂತೆ. ಈ ಸಲ ಬೀಳಬೇಕಾದ ಕಡೆಗೇ. ನಿರ್ದೇಶಕರು ಎಲ್ಲವನ್ನೂ ಸಮಾಧಾನದಿಂದ ಕೇಳಿದರು.

"ನೋಡಮ್ಮ, ನೀನು ಬುದ್ಧಿವಂತೆ. ಪ್ರಬಂಧ ಒಪ್ಪಿಸು, ಡಿಗ್ರಿ ತಗೋ. ಆಮೇಲೆ ನಿಧಾನಕ್ಕೆ, ಮೋಡ ಈಗ ಕಾಣಿಸ್ತಿಲ್ಲ ಅಂತ ನಾವೇ ಒಂದು ಹೇಳಿಕೆ ಕೊಡ್ತೀವಿ. ಹವಾಮಾನ ಬದಲಾಗಲ್ವೇ? ಯಾರಿಗೂ ನೋವಿಲ್ಲ."

"ಇಲ್ಲದ ಮೋಡ ಈಗ ಹೋಯ್ತು ಅಂತ ಇನ್ನೊಂದು ಸುಳ್ಳಾ ಸಾರ್?"

"ಹೋಗಿದ್ದು ನಿಜಾನೇ ಅಲ್ವಾ?" ಎಂದರು ನಿರ್ದೇಶಕರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇಂಥವರಿಗೆ ಕೊಡಲು ಭಾಷೆಯಲ್ಲಿ ಬೈಗುಳ ಸಾಲದು. ಆದರೆ ಪದಕಗಳು ಧಾರಾಳವಾಗಿ ಸಿಗುತ್ತವೆ.

ಅವಳು ಪ್ರಬಂಧ ಒಪ್ಪಿಸಲಿಲ್ಲ. ಹಿಂದಕ್ಕೆ ತೆಗೆದುಕೊಂಡು, ಕಾರಣವನ್ನು ಬರೆದುಕೊಟ್ಟಳು. ವಿದ್ಯಾರ್ಥಿವೇತನ ನಿಂತಿತು. ಸಿದ್ಧಾಂತಿ ಅವಳ ಮುಖ ಕಂಡರೆ ಮಹಡಿಯ ಇನ್ನೊಂದು ಮೆಟ್ಟಿಲು ಹಿಡಿಯುತ್ತಾರೆ. ಬೆಳಕು ಹಿಂದಕ್ಕೆ ಮಡಚಿಕೊಳ್ಳುವ ಅವರ ಲೇಖನವನ್ನು ಇನ್ನೂ ವಾಪಸು ತೆಗೆದುಕೊಂಡಿಲ್ಲ. ಕೇಂದ್ರದ ಹೇಳಿಕೆ ಹೊರಬಿತ್ತು: "ಈ ಋತುವಿನಲ್ಲಿ ಅವಳಿ ಮೋಡ ಕಂಡುಬಂದಿಲ್ಲ." ಅವಳಿ ಎಂದು ಕುಣಿದ ಪತ್ರಿಕೆಗಳು ಇದನ್ನು ಒಳಪುಟದ ಮೂಲೆಯಲ್ಲಿ ಹಾಕಿದವು. ನೀವೂ ಓದಿರಲಿಕ್ಕಿಲ್ಲ. ಮೋಡದ ಫೋಟೋ ಮಾತ್ರ ಮನೆಮಂದಿಗೆಲ್ಲ ಕಳಿಸಿ "ಅದ್ಭುತ" ಎಂದಿದ್ದಿರಿ.

ಮನೆಯಲ್ಲಿ ಇನ್ನೊಂದು ಲೆಕ್ಕ ಬಾಕಿಯಿತ್ತು. ಹುಡುಗಿ ಚೌಕಟ್ಟನ್ನು ತಾಯಿಯ ಮುಂದಿಟ್ಟು ಕೇಳಿದಳು: "ಮಾಮ ಅಂಟಿಸಿದ್ರು, ಸರಿ. ಮದುವೇಲಿ ಇದ್ದೋಳು ನೀನು. ಅಜ್ಜ ಬಂದಿಲ್ಲ ಅಂತ ನಿಂಗೆ ಗೊತ್ತಿರ್ಲಿಲ್ವಾ? ನಂಗೆ ಯಾಕಮ್ಮ ಕತೆ ಹೇಳ್ದೆ?"

ತಾಯಿ ಊದಿದ ಕಾಲು ಚಾಚಿ ಕೂತು, ಚೌಕಟ್ಟಿನ ಗಾಜನ್ನು ಸೆರಗಿನಿಂದ ಒರೆಸಿದಳು.

"ಬಂದಿರ್ಲಿಲ್ಲ ಅಂತ ಮೊದ್ಲು ಗೊತ್ತಿತ್ತು," ಎಂದಳು. "ಆ ಕುರ್ಚಿ ಖಾಲಿ ಇಟ್ಕೊಂಡು ಊಟದ ಹೊತ್ತಿನ ತನಕ ಕಾದಿದ್ದೆ. ಅಣ್ಣ ಫೋಟೋ ತಂದ್ಕೊಟ್ಟಾಗ ಅತ್ತೆ. ಆಮೇಲೆ ದಿನಾ ನೋಡ್ತಾ ನೋಡ್ತಾ... ಬಂದಿದ್ರು ಅಂತ್ಲೇ ಆಗೋಯ್ತು ಕಣೆ. ಹಂಗೆ ನೋಡಿದ್ದು ನೆನಪೇ ಇದೆ ನಂಗೆ. ಈಗ ನೀನು ಹೇಳಿದ್ಮೇಲೆ ಮತ್ತೆ ಹೋದ್ರು."

ತೇಪೆ ಮಾಮ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡ. ಜೀವಮಾನದಲ್ಲಿ ಮೊದಲ ಸಲ ತನ್ನ ಕಸುಬು ಏನೆಂದು ಅವನಿಗೆ ಅರ್ಥವಾಗಿರಬೇಕು. ಅವನು ತೂತು ಮುಚ್ಚಿರಲಿಲ್ಲ. ತಂಗಿ ಕಾದು ಕೂತ ಒಂದು ಇಡೀ ಮಧ್ಯಾಹ್ನವನ್ನೇ ಅಳಿಸಿಹಾಕಿದ್ದ. ಅಜ್ಜ ಬಾರದೆ ಇದ್ದದ್ದು ಅಜ್ಜನ ತಪ್ಪು. ಅದು ಕಾಣದ ಹಾಗೆ ಮಾಡಿದ್ದು ಇವನದು.

ಮರುವಾರ ಅವನು ನಿರ್ದೇಶಕರಿಗೆ ಇನ್ನು ತುಂಬಿಸುವುದಿಲ್ಲ ಎಂದು ಹೇಳಿದ. ಅವರು ಬೇಸರಪಡಲೂ ಇಲ್ಲ. "ಬಿಡಿ, ಈಗ ಅದಕ್ಕೆ ಸಾಫ್ಟ್‌ವೇರ್ ಬಂದಿದೆ," ಎಂದರು.

ಅವನನ್ನು ಹೊಗಳುವ ಅಗತ್ಯವಿಲ್ಲ. ತಡವಾಗಿ ಬಂದ ಪ್ರಾಮಾಣಿಕತೆಗೆ ಹಾರ ಹಾಕುವ ಚಾಳಿಯಿಂದಲೇ ಎಲ್ಲರೂ ತಡವಾಗಿ ಬರುತ್ತಾರೆ. ಈಗ ಭಾನುವಾರಗಳಲ್ಲಿ ಅವನು ತಂಗಿಯ ಮನೆಗೆ ಹೋಗುತ್ತಾನೆ. ಹುಡುಗಿ ಇನ್ನೊಬ್ಬ ಗೈಡನ್ನು ಹುಡುಕಿಕೊಂಡು, ಅರ್ಜಿ ಕೊಟ್ಟು ಮೂಲ ಪಟ್ಟಿಗಳನ್ನು ತರಿಸಿಕೊಂಡು, ಕಪ್ಪು ಸೀಳುಗಳನ್ನು ಕಪ್ಪಾಗಿಯೇ ಬಿಟ್ಟು ಒಂದೇ ಒಂದು ಮೋಡದ ಮೇಲೆ ಮೊದಲಿಂದ ಕೆಲಸ ಮಾಡುತ್ತಿದ್ದಾಳೆ. ಆದರೆ ಹಳೆಯ ನಕ್ಷೆಗಳನ್ನು ನಂಬಿ ಬೇರೆ ಊರುಗಳಲ್ಲಿ ಬೇರೆ ಹುಡುಗಿಯರೂ ಕೂತಿದ್ದಾರಲ್ಲ? ಅವರಿಗೆ ತಿಳಿಸಬೇಕೆಂದು ನಕ್ಷೆಗಳನ್ನು ಒಂದೊಂದಾಗಿ ಪರದೆಯ ಮೇಲೆ ತೆರೆಯುತ್ತಾಳೆ. ಮಾಮ ಕನ್ನಡಕ ಏರಿಸಿ, ಪಕ್ಕದಲ್ಲಿ ಕೂತು ಬೆರಳಿಡುತ್ತಾನೆ.

"ಇದು ನಂದು. ಇದೂ ನಂದು. ಇದು ನಿಜ. ಇದು ನಂದು."

ಅವಳು ಮುಖ ತಿರುಗಿಸದೆ ಗುರುತು ಹಾಕಿಕೊಳ್ಳುತ್ತಾಳೆ. ಟೀ ಮಾತ್ರ ಈಗ ಕುಡಿಯುತ್ತಾಳೆ. ಟಿವಿಯ ಮೇಲ್ಗಡೆಯ ಚೌಕಟ್ಟಿನಲ್ಲಿ, ಮಾಮ ಹಳೆಯ ನೆಗೆಟಿವ್ ಹುಡುಕಿ ತೆಗೆಸಿಕೊಟ್ಟ ಫೋಟೋ ಇದೆ. ಮದುಮಗಳ ಪಕ್ಕದ ಕುರ್ಚಿ ಖಾಲಿಯಾಗಿದೆ. ಅವಳು ಬಾಗಿಲ ಕಡೆ ನೋಡುತ್ತಿದ್ದಾಳೆ.

ಮೊನ್ನೆಯ ಭಾನುವಾರ ಹುಡುಗಿ ಕೇಂದ್ರದ ಹೊಸ ನಕ್ಷೆ ತೆರೆದಳು. ಸೀಳಿಲ್ಲ. ಬಯಲಿನ ತುಂಬ ತೆಳ್ಳನೆಯ, ಚೆಂದದ ಮೋಡ, ನೆರಳು ಸರಿಯಾಗಿ ಬಲಗಡೆಗೆ. ಮಾಮ ಹತ್ತಿರ ಬಾಗಿದ, ದೂರ ಸರಿದ, ಮತ್ತೆ ಬಾಗಿದ. ಬೆರಳು ಪರದೆಯ ಮೇಲೆಲ್ಲ ಹುಡುಕಾಡಿತು.

"ಎಲ್ಲಿ ತುಂಬಿಸಿದಾರೆ ಮಾಮ?"

"ಗೊತ್ತಾಗ್ತಿಲ್ಲ ಕಣಮ್ಮ," ಎಂದ. "ಇದು ನಂದಲ್ಲ."

ಸಾಫ್ಟ್‌ವೇರಿಗೆ ಅಂಚು ನೋಡಿ ಬೀಗುವ ಚಟವಿಲ್ಲ, ಊಟ ಸೇರದ ಎರಡು ದಿನಗಳಿಲ್ಲ. ಚೌಕಟ್ಟು ಹಿಡಿದುಕೊಂಡು ಬೆಳಿಗ್ಗೆಯೇ ಮೇಜಿನ ಮುಂದೆ ಬಂದು ನಿಲ್ಲಲು ಅದಕ್ಕೆ ತಂಗಿಯ ಮಗಳೂ ಇಲ್ಲ. ನಿರ್ದೇಶಕರು ಈಗ ನೆಮ್ಮದಿಯಾಗಿದ್ದಾರೆ.